ಹ್ಯಾಲೊಜೆನ್ ಹೆಡ್‌ಲೈಟಿಗೆ ಕ್ಸೆನಾನ್ ಬಲ್ಬ್: ಆಯ್ಕೆ, ವೈರಿಂಗ್, ಬೀಮ್ ಹೊಂದಿಸುವಿಕೆಯ ಸಮಗ್ರ ಮಾರ್ಗದರ್ಶಿ

ಕ್ಸೆನಾನ್ ಕಿಟ್ಟಿನ ಪೆಟ್ಟಿಗೆ ಬಿಚ್ಚಿದರೆ ಎರಡು ಬಲ್ಬು, ಎರಡು ಬ್ಯಾಲಸ್ಟು (ಬಲ್ಬನ್ನು ಹೊತ್ತಿಸಿ ಅದಕ್ಕೆ ತಕ್ಕ ವಿದ್ಯುತ್ತು ಕೊಡುವ ಪೆಟ್ಟಿಗೆ), ಒಂದು ಕಂತೆ ವೈರು ಸಿಗುತ್ತದೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರಿಗೆ ಜೋಡಣೆ ಅರ್ಧ ದಿನದ ಕೆಲಸ. ಆದರೆ ಹಾಗೆ ಜೋಡಿಸಿದ ಬೆಳಕು ರಸ್ತೆಗೆ ಬೀಳುತ್ತದೋ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೋ ಎಂಬುದನ್ನು ತೀರ್ಮಾನಿಸುವುದು ಹೆಡ್‌ಲೈಟಿನ ಒಳಗಿನ ರಚನೆ. ಹಾಗಾಗಿ ಕಿಟ್ ಕೊಳ್ಳುವ ಮೊದಲು ಬಾನೆಟ್ ಎತ್ತಿ, ಈಗ ಇರುವ ಲೈಟನ್ನು ಸರಿಯಾಗಿ ನೋಡಿಕೊಳ್ಳಬೇಕು.

ನಿಮ್ಮ ಹೆಡ್‌ಲೈಟ್ ಯಾವ ಬಗೆಯದು?

ಗಾಜಿನ ಹಿಂದೆ ಉಬ್ಬಿದ ದುಂಡು ಲೆನ್ಸ್ ಕಂಡರೆ ಅದು ಪ್ರೊಜೆಕ್ಟರ್. ಬರೀ ಹೊಳೆಯುವ ಬಟ್ಟಲು ಕಂಡರೆ ರಿಫ್ಲೆಕ್ಟರ್. ಈ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿಲ್ಲ.

ರಿಫ್ಲೆಕ್ಟರಿನಲ್ಲಿ ಬಟ್ಟಲಿನ ಪ್ರತಿ ಅಂಗುಲವನ್ನೂ ಹ್ಯಾಲೊಜೆನ್ ಫಿಲಮೆಂಟ್ (ಕಾದು ಬೆಳಗುವ ತಂತಿ) ಇರುವ ಜಾಗವನ್ನು ಲೆಕ್ಕ ಹಾಕಿ ರೂಪಿಸಿರುತ್ತಾರೆ. ಲೋ, ಹೈ ಎರಡಕ್ಕೂ ಒಂದೊಂದು ಫಿಲಮೆಂಟ್ ಇರುವ ಎಚ್4 ಬಗೆಯ ಬಲ್ಬಿನಲ್ಲಿ ಲೋ ಬೀಮ್ ಫಿಲಮೆಂಟಿನ ಕೆಳಗೆ ಲೋಹದ ಚಿಕ್ಕ ಬಟ್ಟಲೊಂದಿದೆ. ಕೆಳಮುಖದ ಬೆಳಕನ್ನು ಅದು ತಡೆಯುವುದರಿಂದಲೇ ಬೀಮಿನ ಮೇಲಂಚು ಕತ್ತರಿಸಿದಂತೆ ಕಾಣುವುದು. ಕ್ಸೆನಾನ್ ಬಲ್ಬಿನಲ್ಲಿ ಫಿಲಮೆಂಟೇ ಇಲ್ಲ. ಎರಡು ಎಲೆಕ್ಟ್ರೋಡ್‌ಗಳ ನಡುವೆ ಸುಮಾರು 4 ಮಿ.ಮೀ. ಉದ್ದದ ವಿದ್ಯುತ್ ಕಿಡಿ ಉರಿಯುತ್ತದೆ. ಉದ್ದ ಫಿಲಮೆಂಟಿನಷ್ಟೇ ಇದ್ದರೂ ಈ ಕಿಡಿ ಬಿಸಿಗೆ ಮೇಲಕ್ಕೆ ಬಾಗುತ್ತದೆ, ಎರಡು ತುದಿಗಳಲ್ಲಿ ಹೆಚ್ಚು ಪ್ರಖರವಾಗಿರುತ್ತದೆ. ಅದನ್ನು ಹ್ಯಾಲೊಜೆನ್ ಬಟ್ಟಲಿನಲ್ಲಿಟ್ಟರೆ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಕಾರಿನ ಮುಂದಿನ ಹತ್ತು ಮೀಟರ್ ಹಗಲಿನಂತೆ ಕಾಣುತ್ತದೆ, ಎಂಬತ್ತನೆಯ ಮೀಟರಿನಲ್ಲಿ ನಿಂತ ದನ ಕಾಣುವುದಿಲ್ಲ. ಎದುರಿನವರಿಗಂತೂ ರಸ್ತೆಯೇ ಮಾಯ. ಇದನ್ನು ಸ್ಕ್ರೂ ತಿರುಗಿಸಿ ಸರಿಪಡಿಸಲಾಗದು. ಆದ್ದರಿಂದ ರಿಫ್ಲೆಕ್ಟರ್ ಲೈಟಿಗೆ ಬರೀ ಬಲ್ಬ್ ಬದಲಿಸುವ ಕೆಲಸಕ್ಕೆ ಕೈ ಹಾಕಬೇಡಿ. ಅದಕ್ಕೆ ಬೇರೆ ದಾರಿಯಿದೆ, ಕೊನೆಯಲ್ಲಿ ಹೇಳಿದೆ.

ಪ್ರೊಜೆಕ್ಟರಿನಲ್ಲಿ ಲೆನ್ಸಿನ ಹಿಂದೆ ಒಂದು ಲೋಹದ ತಡೆ ನಿಂತಿರುತ್ತದೆ. ಬೀಮಿನ ಮೇಲಂಚನ್ನು ಕತ್ತರಿಸುವುದು ಅದೇ. ಬಲ್ಬ್ ಬದಲಾದರೂ ಅಂಚು ಉಳಿಯುತ್ತದೆ. ಹಾಗೆಂದು ಎಲ್ಲವೂ ಸರಿಹೋಯಿತು ಎಂದಲ್ಲ. ಹ್ಯಾಲೊಜೆನ್ ಪ್ರೊಜೆಕ್ಟರಿನ ಬಟ್ಟಲೂ ಫಿಲಮೆಂಟಿಗೆಂದೇ ಮಾಡಿದ್ದು. ಬೆಳಕಿನ ಹಂಚಿಕೆ ಸ್ವಲ್ಪ ಕೆಡುತ್ತದೆ, ಅಂಚಿನ ಮೇಲೆ ಸೋರುವ ಬೆಳಕೂ ಹೆಚ್ಚುತ್ತದೆ. ಆದರೂ ಒಪ್ಪಬಹುದಾದ ಫಲಿತಾಂಶ ಸಿಗುವುದಿದ್ದರೆ ಇಲ್ಲೇ.

ಲೈಟಿನ ಗಾಜಿನ ಮೇಲೆ ಅಚ್ಚಾದ ಅಕ್ಷರಗಳನ್ನೂ ಓದಿ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ನಿಯಮದಂತೆ ಮಾಡಿದ ಲೈಟುಗಳಲ್ಲಿ 'ಎಚ್‌ಸಿ', 'ಎಚ್‌ಆರ್' ಅಥವಾ 'ಎಚ್‌ಸಿಆರ್' ಎಂದಿದ್ದರೆ ಅದು ಹ್ಯಾಲೊಜೆನ್‌ಗೆ ಮಂಜೂರಾದದ್ದು; ಕ್ಸೆನಾನ್‌ಗೆ ಮಂಜೂರಾದ ಲೈಟಿನಲ್ಲಿ 'ಡಿ' ಅಕ್ಷರ ಬರುತ್ತದೆ. ಅದೇ ಆಯೋಗದ 48ನೇ ನಿಯಮದಂತೆ 2000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಮೀರಿದ ಲೋ ಬೀಮಿಗೆ ತಾನೇ ಎತ್ತರ ಹೊಂದಿಸಿಕೊಳ್ಳುವ ವ್ಯವಸ್ಥೆ ಮತ್ತು ಗಾಜು ತೊಳೆಯುವ ಜೆಟ್ ಎರಡೂ ಬೇಕು. ಅಮೆರಿಕದಲ್ಲಿ ಹ್ಯಾಲೊಜೆನ್ ಲೈಟಿಗೆ ಹಾಕುವ ಯಾವ ಕ್ಸೆನಾನ್ ಕಿಟ್ಟೂ ಅಲ್ಲಿನ 108ನೇ ಸುರಕ್ಷತಾ ಮಾನದಂಡಕ್ಕೆ ಹೊಂದುವುದಿಲ್ಲ. ನೀವು ಓಡಿಸುವ ಕಡೆಯ ಕಾನೂನು ಮತ್ತು ವಿಮೆಯ ಷರತ್ತು ನೋಡಿಕೊಳ್ಳದೆ ಮುಂದುವರಿದರೆ, ತಪಾಸಣೆಯಲ್ಲಿ ಫೇಲ್ ಆಗಿ ಎಲ್ಲವನ್ನೂ ಬಿಚ್ಚಬೇಕಾದೀತು. ಕಾನೂನು ಒಪ್ಪದ ಕಡೆ ಇಂಥ ಲೈಟು ಖಾಸಗಿ ಜಾಗದ ಅಥವಾ ರ‍್ಯಾಲಿ ಟ್ರ್ಯಾಕಿನ ಬಳಕೆಗಷ್ಟೇ ಸೀಮಿತ.

ಖರ್ಚು ಮಾಡುವ ಮುಂಚೆ ವೋಲ್ಟೇಜ್ ಅಳೆಯಿರಿ

'ಲೈಟು ಮಂಕು' ಎಂಬ ದೂರಿಗೆ ಬಹಳ ಸಲ ಬಲ್ಬ್ ಕಾರಣವೇ ಅಲ್ಲ. ಎಂಜಿನ್ ಚಾಲೂ ಮಾಡಿ, ಲೋ ಬೀಮ್ ಹಾಕಿ, ಮಲ್ಟಿಮೀಟರಿನಿಂದ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ, 13.8ರಿಂದ 14.4 ವೋಲ್ಟ್ ಇರಬೇಕು. ಬಳಿಕ ಬಲ್ಬ್ ಉರಿಯುತ್ತಿರುವಾಗಲೇ ಅದರ ಹೋಲ್ಡರಿನ ಹಿಂದಿನಿಂದ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ವೈರಿಂಗ್ ಚೆನ್ನಾಗಿದೆ. ಹ್ಯಾಲೊಜೆನ್ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಂದರೆ 14 ವೋಲ್ಟ್ ಬರಬೇಕಾದಲ್ಲಿ 12.6 ಬಂದರೆ ಬೆಳಕಿನಲ್ಲಿ ಹೆಚ್ಚುಕಡಿಮೆ ಶೇ. 30 ಖೋತಾ. ತುಕ್ಕು ಹಿಡಿದ ಅರ್ತಿಂಗ್ (ಮೈನಸ್ ವೈರು ಬಾಡಿಯ ಲೋಹಕ್ಕೆ ಕೂಡುವ ಜಾಗ) ಉಜ್ಜಿ, ಒಂದು ರಿಲೇ (ಸಣ್ಣ ಕರೆಂಟಿನ ಸನ್ನೆಯಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಹಾಕಿ, ಹಳದಿಗಟ್ಟಿದ ಹೊರಗಾಜನ್ನು ಪಾಲಿಶ್ ಮಾಡಿಸಿದ ಮೇಲೆ ಕ್ಸೆನಾನಿನ ಆಸೆ ಬಿಟ್ಟವರು ಕಡಿಮೆಯಿಲ್ಲ.

ಕಿಟ್ ಆಯ್ಕೆ

ಹೋಲಿಕೆಗೆ ಅಂಕಿಗಳು ಇವು: 55 ವ್ಯಾಟ್‌ನ ಎಚ್7 ಹ್ಯಾಲೊಜೆನ್ ಸುಮಾರು 1500 ಲ್ಯೂಮೆನ್ ಕೊಡುತ್ತದೆ, 35 ವ್ಯಾಟ್‌ನ ಡಿ2ಎಸ್ ಕ್ಸೆನಾನ್ ಸುಮಾರು 3200. ಕಡಿಮೆ ವಿದ್ಯುತ್ತಿನಲ್ಲಿ ಎರಡರಷ್ಟು ಬೆಳಕು, ಇದೇ ಕ್ಸೆನಾನಿನ ಸೆಳೆತ.

ವ್ಯಾಟ್: 35ನ್ನೇ ಕೊಳ್ಳಿ. 55 ವ್ಯಾಟ್ ಕಿಟ್ಟಿನಲ್ಲಿ ಬಲ್ಬಿನ ಎಲೆಕ್ಟ್ರೋಡ್ ಬೇಗ ಸವೆಯುತ್ತದೆ, ಬಟ್ಟಲಿನ ಹೊಳಪಿನ ಲೇಪ ಸುಟ್ಟು ಮಸುಕಾಗುತ್ತದೆ. ಒಮ್ಮೆ ಲೇಪ ಹೋದರೆ ಹ್ಯಾಲೊಜೆನ್ ವಾಪಸು ಹಾಕಿದರೂ ಹಳೆಯ ಬೆಳಕು ಬಾರದು.

ಬಣ್ಣ: 4300 ಕೆಲ್ವಿನ್. ಕಾರ್ಖಾನೆಯಿಂದ ಕ್ಸೆನಾನ್ ಹಾಕಿಸಿಕೊಂಡು ಬರುವ ಕಾರುಗಳ ಬಣ್ಣ ಇದೇ, ಬೆಳಕೂ ಇದರಲ್ಲೇ ಹೆಚ್ಚು. 5000ದವರೆಗೆ ತೊಂದರೆಯಿಲ್ಲ. 6000ಕ್ಕೆ ನೀಲಿ ಇಣುಕುತ್ತದೆ, 8000ಕ್ಕೆ ಬೆಳಕು ಇಳಿದು ಬರೀ ನೀಲಿ ಶೋಕಿ ಉಳಿಯುತ್ತದೆ, ಒದ್ದೆ ಡಾಂಬರು ಕಪ್ಪಗೇ ಕಾಣುತ್ತದೆ.

ಬುಡ: ಎಚ್1, ಎಚ್7, ಎಚ್11, ಎಚ್‌ಬಿ4 ಇವುಗಳಲ್ಲಿ ನಿಮ್ಮದು ಯಾವುದೆಂದು ಹಳೆಯ ಬಲ್ಬಿನ ಬುಡದಲ್ಲೇ ಬರೆದಿರುತ್ತದೆ. ಕೈಪಿಡಿಗಿಂತ ಬಿಚ್ಚಿದ ಬಲ್ಬನ್ನೇ ನಂಬಿ.

ಬ್ಯಾಲಸ್ಟ್: 'ಎಸಿ' ಎಂದು ಸ್ಪಷ್ಟವಾಗಿ ಬರೆದಿರಬೇಕು. ಅಗ್ಗದ ಡಿಸಿ ಬ್ಯಾಲಸ್ಟ್ ಕಿಡಿಯನ್ನು ಒಂದೇ ದಿಕ್ಕಿಗೆ ಓಡಿಸುವುದರಿಂದ ಬೆಳಕು ಮಿನುಗುತ್ತದೆ, ಬಲ್ಬೂ ಬೇಗ ಸಾಯುತ್ತದೆ. ಬಲ್ಬಿನ ಒಳಕೊಳವೆಗೆ ಅತಿನೇರಳೆ ಕಿರಣ ತಡೆಯುವ ಹೊರಕೊಳವೆ ಇದೆಯೇ ನೋಡಿ. ಇಲ್ಲದಿದ್ದರೆ ಲೈಟಿನೊಳಗಿನ ಪ್ಲಾಸ್ಟಿಕ್ ಹಳದಿಯಾಗಿ ಬಿರುಕು ಬಿಡುತ್ತದೆ.

ಜೋಡಿಸಿಟ್ಟುಕೊಳ್ಳಬೇಕಾದ ಸಾಮಾನು

ಕಿಟ್ಟಿನ ಜೊತೆ ಬರುವ ವೈರು ಸಾಮಾನ್ಯವಾಗಿ ಸಣಕಲು. ಅದನ್ನು ನೆಚ್ಚಬೇಡಿ.

- 12 ವೋಲ್ಟ್, 40 ಆಂಪಿಯರ್ ರಿಲೇ 1, ಅದರ ಸಾಕೆಟ್ ಸಮೇತ
- ನೀರು ಹೋಗದ ಮುಚ್ಚಳದ ಫ್ಯೂಸ್ ಹೋಲ್ಡರ್ 1, 30 ಆಂಪಿಯರ್ ಫ್ಯೂಸ್, ಜೊತೆಗೆ ಬಿಡಿ ಒಂದೆರಡು
- ಬ್ಯಾಟರಿಯಿಂದ ರಿಲೇಗೆ 4 ಚದರ ಮಿ.ಮೀ. ವೈರು, ಎರಡು ಬ್ಯಾಲಸ್ಟಿನ ಕವಲಿಗೂ ಅದೇ ದಪ್ಪದ್ದು
- ರಿಲೇಯನ್ನು ಚಾಲೂ ಮಾಡುವ ಸುರುಳಿಗೆ (85, 86ನೇ ಪಿನ್ನು) 0.75 ಚದರ ಮಿ.ಮೀ. ವೈರು, 2 ಮೀಟರ್
- ಅರ್ತಿಂಗಿಗೆ 6 ಮಿ.ಮೀ. ತೂತಿನ ರಿಂಗ್ ಟರ್ಮಿನಲ್, ಕ್ರಿಂಪ್ ಕನೆಕ್ಟರ್, ಹೀಟ್ ಶ್ರಿಂಕ್ ಟ್ಯೂಬು, ಸುಕ್ಕುಕೊಳವೆ, ಕೇಬಲ್ ಟೈ
- ಐಸೊಪ್ರೊಪಿಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಪುಡಿಯಿಲ್ಲದ ಕೈಗವಸು

ಹಳೆಯ ಬಲ್ಬ್ ತೆಗೆಯುವ ಮೊದಲು ಗೋಡೆಗೆ ಗುರುತು ಹಾಕಿ

ಇದನ್ನು ಮರೆತವರು ಕೊನೆಗೆ ಕತ್ತಲಲ್ಲಿ ತಡಕಾಡುತ್ತಾರೆ. ಸಮತಟ್ಟು ನೆಲದಲ್ಲಿ, ಗೋಡೆಗೆ ನೇರವಾಗಿ, ಲೈಟಿನ ಮುಖದಿಂದ ಸರಿಯಾಗಿ 10 ಮೀಟರ್ ದೂರ ಕಾರು ನಿಲ್ಲಿಸಿ. ಚಕ್ರಗಳ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಲೈಟಿನ ಎತ್ತರ ಬದಲಿಸುವ ಗುಂಡಿ ಸೊನ್ನೆಯಲ್ಲಿರಲಿ. ಒಂದು ಲೈಟನ್ನು ಬಟ್ಟೆಯಿಂದ ಮುಚ್ಚಿ (ಹ್ಯಾಲೊಜೆನ್ ಕಾಯುತ್ತದೆ, ಬೇಗ ಮುಗಿಸಿ), ಇನ್ನೊಂದರ ಮೇಲಂಚನ್ನೂ ಅದು ಓರೆಯಾಗಿ ಏರಲು ತೊಡಗುವ ತಿರುವನ್ನೂ ಟೇಪಿನಿಂದ ಗುರುತಿಸಿ. ಮತ್ತೊಂದು ಲೈಟಿಗೂ ಹೀಗೇ. ಟೈರುಗಳು ನಿಂತ ಜಾಗಕ್ಕೂ ಚಾಕ್‌ಪೀಸಿನಿಂದ ಗೆರೆ ಎಳೆದಿಡಿ.

ಬಲ್ಬ್ ಕೂರಿಸುವುದು

ಬ್ಯಾಟರಿಯ ಮೈನಸ್ ಕಳಚಿ. ಉರಿಯಲು ಆರಂಭಿಸುವ ಕ್ಷಣದಲ್ಲಿ ಕ್ಸೆನಾನ್ ಬಲ್ಬಿಗೆ 20,000 ವೋಲ್ಟ್ ಮೀರಿದ ಹೊಡೆತ ಹೋಗುತ್ತದೆ. ಬ್ಯಾಲಸ್ಟ್ ಚಾಲೂ ಇರುವಾಗ ಬಲ್ಬನ್ನಾಗಲಿ ಅದರ ವೈರನ್ನಾಗಲಿ ಮುಟ್ಟುವುದು ಪ್ರಾಣಕ್ಕೇ ಕುತ್ತು.

ಹಿಂದಿನ ಧೂಳಿನ ಮುಚ್ಚಳ ತೆಗೆದು, ತಂತಿಯ ಕ್ಲಿಪ್ಪು ಒತ್ತಿ ಬಿಡಿಸಿ, ಹಳೆಯ ಬಲ್ಬನ್ನು ನೇರವಾಗಿ ಎಳೆದುಕೊಳ್ಳಿ. ಕ್ಲಿಪ್ಪು ಹೇಗೆ ಕೂತಿತ್ತೆಂದು ಮೊದಲೇ ಫೋಟೊ ತೆಗೆದಿಟ್ಟರೆ ವಾಪಸು ಹಾಕುವಾಗ ಅರ್ಧ ಗಂಟೆ ಉಳಿಯುತ್ತದೆ.

ಹೊಸ ಬಲ್ಬಿನ ಗಾಜಿಗೆ ಬೆರಳು ತಾಗದಿರಲಿ. ಬೆರಳಿನ ಎಣ್ಣೆ ಕಾದು, ಅಷ್ಟು ಜಾಗದಲ್ಲಿ ಗಾಜು ಕೆಡುತ್ತದೆ. ತಾಗಿದರೆ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಬಲ್ಬಿನ ಪಕ್ಕದಲ್ಲಿ ಪಿಂಗಾಣಿ ಹೊದಿಕೆಯ ಒಂದು ತಂತಿ ಓಡುತ್ತದೆ. ಬಲ್ಬ್ ಕೂತಾಗ ಆ ತಂತಿ ಸರಿಯಾಗಿ ಕೆಳಗೆ, ಗಡಿಯಾರದ ಆರರ ಜಾಗದಲ್ಲಿರಬೇಕು. ಮೇಲೋ ಪಕ್ಕಕ್ಕೋ ಬಂದರೆ ಅದರ ನೆರಳು ಬೀಮಿನಲ್ಲಿ ಕಪ್ಪು ಪಟ್ಟೆಯಾಗಿ ಬೀಳುತ್ತದೆ. ಬುಡದ ಚಪ್ಪಟೆ ಬಳೆ ಹೆಡ್‌ಲೈಟಿನ ಕೂರುಪೀಠಕ್ಕೆ ಸುತ್ತಲೂ ಅಂಟಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಮಿಲಿಮೀಟರ್ ಓರೆಯಾದರೂ ಬೀಮ್ ಕದಡುತ್ತದೆ. 'ಕಿಟ್ ಸರಿಯಿಲ್ಲ' ಎಂದು ವಾಪಸು ಹೋಗುವ ಬಲ್ಬುಗಳಲ್ಲಿ ಎಷ್ಟೋ ಸರಿಯಾಗಿ ಕೂರದವು.

ವೈರು ಹೊರಬರಲು ಧೂಳಿನ ಮುಚ್ಚಳಕ್ಕೆ ತೂತು ಬೇಕು. ಕಿಟ್ಟಿನ ರಬ್ಬರ್ ಗ್ರಾಮೆಟಿನ ತೋಡಿನ ವ್ಯಾಸ ಅಳೆದು ಅಷ್ಟಕ್ಕೇ ಹೋಲ್ ಸಾ ಹಾಕಿ, ಸಾಮಾನ್ಯವಾಗಿ 23ರಿಂದ 25 ಮಿ.ಮೀ. ಮುಚ್ಚಳವನ್ನು ಬಿಟ್ಟೇ ಓಡಿಸೋಣ ಎಂದುಕೊಂಡರೆ ಮೊದಲ ಮಳೆಗೆ ಗಾಜಿನೊಳಗೆ ಹಬೆ ಕೂರುತ್ತದೆ.

ಬ್ಯಾಲಸ್ಟಿನ ಜಾಗ

ಎಂಜಿನ್ ಕಾವಿನಿಂದ, ಚಕ್ರದ ಕೆಸರಿನಿಂದ ದೂರ, ಬಾಡಿಯ ಲೋಹಕ್ಕೆ ಅಂಟುವಂತೆ ಬೋಲ್ಟಿನಿಂದ ಬಿಗಿಯಿರಿ. ಬರೀ ಎರಡು ಬದಿಯ ಟೇಪು ಬಿಸಿಗೆ ಬಿಟ್ಟುಕೊಳ್ಳುತ್ತದೆ. ವೈರಿನ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ನೀರು ವೈರಿನ ಜಾಡು ಹಿಡಿದು ಒಳಗಿಳಿಯುತ್ತದೆ. ಬ್ಯಾಲಸ್ಟಿನಿಂದ ಬಲ್ಬಿಗೆ ಹೋಗುವ ಹೈವೋಲ್ಟೇಜ್ ವೈರನ್ನು ಕತ್ತರಿಸಬೇಡಿ, ಉದ್ದ ಮಾಡಬೇಡಿ, ಸುರುಳಿ ಸುತ್ತಬೇಡಿ, ಬೇರೆ ವೈರಿನ ಕಂತೆಗೆ ಕಟ್ಟಬೇಡಿ. ರೇಡಿಯೊದಲ್ಲಿ ಗುಂಯ್‌ಗುಡುವ ಸದ್ದಿಗೆ ಇದೇ ಮೂಲ.

ರಿಲೇ ವೈರಿಂಗ್

35 ವ್ಯಾಟ್ ಬ್ಯಾಲಸ್ಟ್ ಉರಿಯುವಾಗ ಎಳೆಯುವುದು ಸುಮಾರು 3ರಿಂದ 3.5 ಆಂಪಿಯರ್, ಹ್ಯಾಲೊಜೆನ್‌ಗಿಂತ ಕಡಿಮೆ. ಆದರೆ ಶುರುವಿನ ಕೆಲವು ಸೆಕೆಂಡು ಅದರ ಹಸಿವು ಮೂರು ಪಟ್ಟು ಇರಬಹುದು. ಕಾರಿನ ಮೂಲ ಲೈಟ್ ವೈರು ಮತ್ತು ಫ್ಯೂಸು ಆ ಹೊಡೆತಕ್ಕೆ ಮಾಡಿದ್ದಲ್ಲ. ಹಾಗಾಗಿ ವಿದ್ಯುತ್ತು ನೇರ ಬ್ಯಾಟರಿಯಿಂದ ಬರಲಿ, ಕಾರಿನ ಮೂಲ ವೈರು ರಿಲೇಗೆ ಸನ್ನೆ ಮಾತ್ರ ಕೊಡಲಿ.

ಬ್ಯಾಟರಿ ಪ್ಲಸ್‌ನಿಂದ 15–20 ಸೆಂ.ಮೀ. ಒಳಗೆ ಫ್ಯೂಸ್ ಹೋಲ್ಡರ್ ಬರಬೇಕು. ದೂರ ಹಾಕಿದರೆ ಅದರ ಹಿಂದಿನ ವೈರು ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಕಾಯುವವರಿರುವುದಿಲ್ಲ. ಫ್ಯೂಸಿನಿಂದ ಹೊರಟ ವೈರು ರಿಲೇಯ 30ನೇ ಪಿನ್ನಿಗೆ. 87ರಿಂದ ಎರಡು ಕವಲಾಗಿ ಎರಡೂ ಬ್ಯಾಲಸ್ಟಿನ ಪ್ಲಸ್‌ಗೆ. ಒಂದು ಬದಿಯ ಮೂಲ ಲೋ ಬೀಮ್ ಕನೆಕ್ಟರಿನ ಪ್ಲಸ್ 86ಕ್ಕೆ, ಅದೇ ಕನೆಕ್ಟರಿನ ಮೈನಸ್ 85ಕ್ಕೆ. ಇನ್ನೊಂದು ಬದಿಯ ಕನೆಕ್ಟರ್ ಖಾಲಿ ಉಳಿಯುತ್ತದೆ, ಅದಕ್ಕೆ ಟೋಪಿ ಹಾಕಿ ಕಟ್ಟಿಡಿ. ಬ್ಯಾಲಸ್ಟುಗಳ ಮೈನಸನ್ನು ಬಣ್ಣ ಕೆರೆದ ಲೋಹಕ್ಕೆ ರಿಂಗ್ ಟರ್ಮಿನಲ್‌ನಿಂದ ಬಿಗಿದು, ಮೇಲೆ ಗ್ರೀಸ್ ಸವರಿ. ಅರ್ತಿಂಗ್ ಕಳಪೆಯಾದರೆ ಉಳಿದ ಎಲ್ಲ ಕೆಲಸವೂ ನೀರಿನಲ್ಲಿ ಹೋಮ.

ಕನೆಕ್ಟರಿನಲ್ಲಿ ಯಾವುದು ಪ್ಲಸ್ ಎಂಬುದನ್ನು ವೈರಿನ ಬಣ್ಣ ನೋಡಿ ಊಹಿಸದೆ ಮೀಟರಿನಿಂದಲೇ ಅಳೆಯಿರಿ. ಕೆಲವು ಕಾರುಗಳಲ್ಲಿ ಪ್ಲಸ್ ಸದಾ ಇದ್ದು ಮೈನಸನ್ನು ಸ್ವಿಚ್ ಮಾಡುತ್ತಾರೆ. ಅಂಥ ಕಾರಿನಲ್ಲಿ 85ನ್ನು ಕಾರಿನ ಬಾಡಿಯ ಲೋಹಕ್ಕೆ ಜೋಡಿಸಿದರೆ ಲೈಟು ಆರುವುದೇ ಇಲ್ಲ. 85 ಕನೆಕ್ಟರಿನ ಸ್ವಿಚ್ ಆಗುವ ಪಿನ್ನಿಗೇ ಹೋಗಬೇಕು.

ಮೊದಲ ಬಾರಿ ಉರಿಸುವುದು

ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡಿ, ಆಮೇಲೆ ಲೈಟ್ ಹಾಕಿ. ಮುಂದೆಯೂ ಇದೇ ಕ್ರಮ ಇರಲಿ: ಲೈಟ್ ಉರಿಯುತ್ತಿರುವಾಗ ಸ್ಟಾರ್ಟರ್ ತಿರುಗಿಸಿದರೆ ವೋಲ್ಟೇಜ್ ಕುಸಿದು ಬ್ಯಾಲಸ್ಟ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಬಲ್ಬಿನ ಆಯುಷ್ಯ ತಿನ್ನುವುದು ಈ ಹೊತ್ತಿಸಾಟವೇ. ಮೊದಲು ನೀಲಿ ಮಿಂಚು, ಬಳಿಕ ಬಣ್ಣ ಬದಲಾಗುತ್ತಾ ನಾಲ್ಕೈದು ಸೆಕೆಂಡಿನಲ್ಲಿ ಪೂರ್ತಿ ಬೆಳಕಿಗೆ ಹತ್ತಿರ ಬರುತ್ತದೆ. ಹೊಸ ಬಲ್ಬುಗಳ ಬಣ್ಣ ಮೊದಲ ಕೆಲವು ಗಂಟೆ ಎರಡೂ ಕಡೆ ಒಂದೇ ಥರ ಇರದಿದ್ದರೆ ಗಾಬರಿ ಬೇಡ. ಹೀಗೆ ಕಾಯ್ದು ಹೊತ್ತುವ ಸ್ವಭಾವದಿಂದಾಗಿಯೇ ಪದೇ ಪದೇ ಫ್ಲ್ಯಾಶ್ ಮಾಡುವ ಹೈ ಬೀಮಿಗೆ ಇದು ಒಗ್ಗುವುದಿಲ್ಲ. ಅಲ್ಲಿ ಹ್ಯಾಲೊಜೆನ್ನೇ ಇರಲಿ.

ಬೀಮ್ ಹೊಂದಿಸುವುದು

ಕಾರನ್ನು ಅದೇ ಚಾಕ್ ಗೆರೆಗಳ ಮೇಲೆ ನಿಲ್ಲಿಸಿ. ಹೊಸ ಮೇಲಂಚು ಹಳೆಯ ಟೇಪಿಗೆ ಕೂಡಬೇಕು. ಹಳೆಯದೇ ತಪ್ಪಾಗಿತ್ತೆಂಬ ಅನುಮಾನವಿದ್ದರೆ ಲೈಟಿನ ಬಳಿ ಅಚ್ಚಾದ '1.0' ಅಥವಾ '1.2' ಎಂಬ ಶೇಕಡಾ ಗುರುತು ಹುಡುಕಿ. ಶೇ. 1 ಎಂದರೆ 10 ಮೀಟರ್ ದೂರದಲ್ಲಿ ಅಂಚು ಲೈಟಿನ ನಡುಮಧ್ಯಕ್ಕಿಂತ 10 ಸೆಂ.ಮೀ. ಕೆಳಗಿರಬೇಕು. ಲೈಟು ನೆಲದಿಂದ 65 ಸೆಂ.ಮೀ. ಮೇಲಿದ್ದರೆ ಬೀಮಿನ ಅಂಚು ರಸ್ತೆ ಮುಟ್ಟುವುದು 65 ಮೀಟರಿನಲ್ಲಿ. ಕ್ಸೆನಾನ್ ಹಾಕಿದಾಗ ಗುರುತಿಗಿಂತ ಸ್ವಲ್ಪ ತಗ್ಗಿಸುವುದೇ ಲೇಸು. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಮೂತಿ ಮೇಲೇಳುತ್ತದೆ, ಆಗ ಎತ್ತರದ ಗುಂಡಿಯನ್ನು ಕೈಯಾರೆ ಇಳಿಸಬೇಕಾದ್ದೂ ನೀವೇ.

ಗೋಡೆಯ ಮೇಲೆ ಅಂಚು ಮಬ್ಬಾಗಿ, ಮೇಲಕ್ಕೂ ಬೆಳಕು ಚೆಲ್ಲಿ ಕಂಡರೆ ಸ್ಕ್ರೂ ಮುಟ್ಟಬೇಡಿ. ಮೊದಲು ಬಲ್ಬ್ ಕೂತಿರುವುದನ್ನು ನೋಡಿ. ಆದರೂ ಸರಿಹೋಗದಿದ್ದರೆ ಆ ಪ್ರೊಜೆಕ್ಟರ್ ಈ ಬಲ್ಬಿಗೆ ಒಪ್ಪುವುದಿಲ್ಲ ಎಂದು ತಿಳಿದು ಹ್ಯಾಲೊಜೆನ್ ವಾಪಸು ಹಾಕುವುದೇ ಸರಿ.

ಎಡವಟ್ಟಾದಾಗ

ಒಂದೇ ಕಡೆ ಉರಿಯದಿದ್ದರೆ ಲೈಟು ಆರಿಸಿ, ಬ್ಯಾಟರಿ ಕಳಚಿ, ಎರಡೂ ಬದಿಯ ಬಲ್ಬ್ ಅದಲುಬದಲು ಮಾಡಿ. ತೊಂದರೆ ಬಲ್ಬಿನ ಜೊತೆ ಹೋದರೆ ಬಲ್ಬ್ ಸತ್ತಿದೆ, ಅಲ್ಲೇ ಉಳಿದರೆ ಬ್ಯಾಲಸ್ಟೋ ವೈರೋ. ಬಳಿಕ ಬ್ಯಾಲಸ್ಟನ್ನೂ ಹಾಗೇ ಬದಲಿಸಿ ನೋಡಿ.

ಹೊತ್ತಿ ಒಂದೆರಡು ಸೆಕೆಂಡಿಗೆ ಆರುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಬ್ಯಾಲಸ್ಟಿನ ಬಾಯಲ್ಲಿ ಹೊತ್ತುವ ಕ್ಷಣದಲ್ಲೇ ಅಳೆಯಿರಿ. ಆರಿಸಿ ಕೂಡಲೇ ಹಾಕಿದಾಗ ಮಾತ್ರ ಹೊತ್ತದಿದ್ದರೆ ಹೊತ್ತಿಸುವ ಹೊಡೆತ ಕೊಡುವ ಇಗ್ನೈಟರ್ ಬಡಕಲು: ಕಾದ ಬಲ್ಬ್ ಹೊತ್ತಿಸಲು ತಣ್ಣಗಿನದಕ್ಕಿಂತ ಹೆಚ್ಚು ವೋಲ್ಟೇಜ್ ಬೇಕು.

ರಿಲೇ ಟಕಟಕ ಎನ್ನುತ್ತಿದ್ದರೆ ಕಾರಿನ ಕಂಪ್ಯೂಟರ್ ಲೈಟಿಗೆ ವಿದ್ಯುತ್ತನ್ನು ತುಂಡು ತುಂಡಾಗಿ ಕಳಿಸುತ್ತಿದೆ. ಕೆಪಾಸಿಟರ್ ಇರುವ ಆಂಟಿ-ಫ್ಲಿಕರ್ ಮಾಡ್ಯೂಲನ್ನು ರಿಲೇ ಸುರುಳಿಯ ಮುಂದೆ ಹಾಕಿದರೆ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 'ಬಲ್ಬ್ ಹೋಗಿದೆ' ಎಂಬ ಸೂಚನೆ ಬಂದರೆ, ಬಲ್ಬಿನ ಬದಲು ರಿಲೇಯ ಸಣ್ಣ ಕರೆಂಟು ಕಂಡು ಕಂಪ್ಯೂಟರ್ ಮೋಸಹೋಗಿದೆ. ಅದಕ್ಕೆ 50 ವ್ಯಾಟ್‌ನ 6 ಓಮ್ ಲೋಡ್ ರೆಸಿಸ್ಟರ್ ಹಾಕುತ್ತಾರೆ. ಅದರಲ್ಲಿ 30 ವ್ಯಾಟ್ ಬರೀ ಶಾಖವಾಗಿ ಹೋಗುವುದರಿಂದ ಲೋಹಕ್ಕೇ ಬಿಗಿಯಬೇಕು. ಪ್ಲಾಸ್ಟಿಕ್ಕಿಗೋ ವೈರಿನ ಕಂತೆಗೋ ತಾಗಿಸಿದರೆ ಕರಗಿಸಿಬಿಡುತ್ತದೆ.

ವರ್ಷಗಳ ಬಳಿಕ ಬೆಳಕು ಗುಲಾಬಿಗೆ ತಿರುಗಿದರೆ ಬಲ್ಬಿನ ಕಾಲ ಮುಗಿಯಿತು. ಆಗ ಎರಡನ್ನೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಎರಡು ಕಣ್ಣಿಗೆ ಎರಡು ಬಣ್ಣ. ಹಳೆಯವನ್ನು ಮನೆಯ ಕಸಕ್ಕೆ ಎಸೆಯಬೇಡಿ, ಹಲವು ಕ್ಸೆನಾನ್ ಬಲ್ಬುಗಳಲ್ಲಿ ಪಾದರಸವಿದೆ.

ರಿಫ್ಲೆಕ್ಟರ್ ಲೈಟ್ ಇದ್ದವರಿಗೆ

ಲೈಟನ್ನು ಬಿಚ್ಚಿ ಒಳಗೆ ಕ್ಸೆನಾನಿಗೆಂದೇ ಮಾಡಿದ ಬೈ-ಕ್ಸೆನಾನ್ ಪ್ರೊಜೆಕ್ಟರ್ ಕೂರಿಸುವುದೊಂದೇ ಇಲ್ಲಿ ಮರ್ಯಾದೆಯ ದಾರಿ. ಎಚ್4, ಎಚ್7 ತೂತಿನ ಮೂಲಕ ಹಿಂದಿನಿಂದ ನಟ್ ಬಿಗಿಯುವ 2.5 ಅಂಗುಲದ ಪ್ರೊಜೆಕ್ಟರುಗಳು ಸಿಗುತ್ತವೆ. ಇವುಗಳಲ್ಲಿ ಸೊಲೆನಾಯ್ಡ್ (ವಿದ್ಯುತ್ ಕಾಂತ) ತಡೆಯನ್ನು ಎಳೆದು ಅದೇ ಬಲ್ಬಿನಿಂದ ಹೈ ಬೀಮ್ ಕೊಡುತ್ತದೆ. ಎಚ್4 ಕಾರಿನಲ್ಲಿ ಹೈ ಬೀಮಿಗೆ ಹೋದಾಗ ಲೋ ಬೀಮ್ ಸನ್ನೆ ಕಡಿದು ಹೋಗುತ್ತದೆ, ಜೊತೆಗೇ ಬ್ಯಾಲಸ್ಟೂ ಆರುತ್ತದೆ. ಅದನ್ನು ತಪ್ಪಿಸಲು ಲೋ ಮತ್ತು ಹೈ ಎರಡೂ ಸನ್ನೆಗಳನ್ನು ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮೂಲಕ 86ಕ್ಕೆ ಕೊಡಿ. ಮೈನಸ್ ಸ್ವಿಚ್ ಆಗುವ ಕಾರಾದರೆ ಎರಡೂ ಡಯೋಡನ್ನು ತಿರುಗಿಸಿ 85ರ ಕಡೆ ಹಾಕಬೇಕು.

ಕೊಳ್ಳುವಾಗ ನಿಮ್ಮ ರಸ್ತೆಯ ದಿಕ್ಕಿಗೆ ಹೊಂದುವ ಪ್ರೊಜೆಕ್ಟರನ್ನೇ ಕೇಳಿ. ಎಡಬದಿ ಓಡಿಸುವಲ್ಲಿ ಬೀಮಿನ ಏರು ಎಡಕ್ಕಿರಬೇಕು. ತಪ್ಪಿ ಬಂದದ್ದು ನೇರ ಎದುರಿನವರ ಕಣ್ಣಿಗೆ. ಗಾಜು ಬ್ಯೂಟೈಲ್ ಅಂಟಿನದಾದರೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಓವನ್ನಿನಲ್ಲಿ ಏಳೆಂಟು ನಿಮಿಷಕ್ಕೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಒಳಗೆ ಇಡುವ ಮೊದಲು ಬಲ್ಬ್, ಸ್ಕ್ರೂ, ಕ್ಲಿಪ್ಪು ಎಲ್ಲ ತೆಗೆದಿರಿ, ಕಾವಿನ ಸರಳು ಪ್ಲಾಸ್ಟಿಕ್ಕಿಗೆ ನೇರ ತಾಗದಿರಲಿ. ಬಿಸಿಗೆ ಬಗ್ಗದ ಗಟ್ಟಿ ಅಂಟಿನ ಲೈಟಾದರೆ ಎಳೆದಾಡಬೇಡಿ, ಲೈಟಿನ ಪ್ಲಾಸ್ಟಿಕ್ ಕಿವಿಗಳೇ ಮುರಿಯುತ್ತವೆ. ಪ್ರೊಜೆಕ್ಟರಿನ ನಟ್ಟನ್ನು ಪೂರ್ತಿ ಬಿಗಿಯುವ ಮುಂಚೆ ಲೈಟನ್ನು ಕಾರಿಗೆ ಕಚ್ಚಿಸಿ ಉರಿಸಿ, ಗೋಡೆಯ ಮೇಲೆ ಅಂಚು ನೀರುಮಟ್ಟಕ್ಕಿದೆಯೇ ನೋಡಿ. ಗಾಜು ಮತ್ತೆ ಅಂಟಿಸಿದ ಮೇಲೆ ಪ್ರೊಜೆಕ್ಟರ್ ಓರೆಯಾಗಿದ್ದು ಕಂಡರೆ ಮತ್ತೆ ಓವನ್ನೇ ಗತಿ.